ಖೋ-ಖೋ ಸಾಲಿನಲ್ಲಿ ನನ್ನ ಸೊಸೆ

ಆಟ ಆಡುವ ಮಕ್ಕಳ ತಲೆ ಚುರುಕಾಗುತ್ತದೆ ಎಂಬುದು ನಿಜ. ಆ ಮಾತನ್ನು ನನ್ನ ಸೊಸೆಗೆ ಹೇಳಿದ್ದು ತಪ್ಪು. ಈ ಸಲ ನಮ್ಮ ಮನೆಯಲ್ಲಿ ನಡೆದದ್ದು ಇಷ್ಟೇ. ಉಳಿದದ್ದು ಕೇಳುವ ವ್ಯವಧಾನ ಇದ್ದವರಿಗೆ.

ಒಳ್ಳೆಯ ಮಾತು ಕೇಳಿದಾಗ ಹೌದೆಂದು ತಲೆಯಾಡಿಸಿ, ಮನೆ ಮುಟ್ಟುವಷ್ಟರಲ್ಲಿ ಮರೆತುಬಿಡುವವರಿದ್ದಾರೆ. ನಾನು ಆ ಪೈಕಿ. ನನ್ನ ಸೊಸೆ ಶೈಲಾ ಹಾಗಲ್ಲ. ಅವಳ ಕಿವಿಗೆ ಒಂದು ಒಳ್ಳೆಯ ಮಾತು ಬಿತ್ತೆಂದರೆ ಅದನ್ನು ಹಿಂಡಿ ಹಿಪ್ಪೆ ಮಾಡುವವರೆಗೆ ಬಿಡುವುದಿಲ್ಲ. ಹಿಂದೊಮ್ಮೆ ಕೊಟ್ಟೂರಿನಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರೋ ಹೆಂಗಸು, ಮೊಣಕಾಲು ನೋವಿಗೆ ಅಗಸಿ ಬೀಜ ಒಳ್ಳೆಯದು ಎಂದಳಂತೆ. ಮೊಣಕಾಲು ನನ್ನದು, ಕಿವಿ ಶೈಲಾಳದು. ಅಂದಿನಿಂದ ಅಗಸಿ ಚಟ್ನಿಪುಡಿ, ಅಗಸಿ ಹಾಕಿದ ಪಲ್ಯ, ಅಗಸಿ ಉದುರಿಸಿದ ಉಪ್ಪಿಟ್ಟು. ಒಂದು ದಿನ ಚಹಾದ ತಳದಲ್ಲಿಯೂ ಏನೋ ಸಿಕ್ಕಿತು. ಅದು ಅಗಸಿಯೇ ಎಂದು ಪ್ರಮಾಣ ಮಾಡಲಾರೆ, ಅಲ್ಲವೆಂದೂ ಹೇಳಲಾರೆ. ನನ್ನ ಮೊಣಕಾಲು ಹಾಗೆಯೇ ಇದೆ. ಶೈಲಾ ಕೆಟ್ಟವಳಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಅವಳು ಪಿಯುಸಿ ಓದಿದವಳು; ಓದಿದ್ದೇನನ್ನೂ ಬಳಸಲು ಸಿಗದೆ ಅದೆಲ್ಲವೂ ಅವಳ ಒಳಗೆ ಕುದಿಯುತ್ತಿರುತ್ತದೆ ಎಂದು ನನಗೆ ಅನ್ನಿಸಿದೆ. ಆ ಕುದಿ ಯಾರ ಮೇಲಾದರೂ ಉಕ್ಕಲೇಬೇಕು.

ಈ ಸಲ ಅದು ಉಕ್ಕಿದ್ದು ನನ್ನ ಮೊಮ್ಮಗಳು ಭೂಮಿಕಾಳ ಮೇಲೆ; ಮನೆಯಲ್ಲಿ ನಮಗೆಲ್ಲ ಅವಳು ಭೂಮಿ. ಅವಳು ಎಂಟನೆಯ ತರಗತಿ. ಶಾಲೆ ಬಿಟ್ಟ ಮೇಲೆ ಅಲ್ಲಿಯ ಬಯಲಿನಲ್ಲಿ ಖೋ-ಖೋ ಆಡಿ, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಬರುತ್ತಿದ್ದಳು. ಅಂಗಳದಲ್ಲಿ ಕಾಲು ತೊಳೆದುಕೋ ಎನ್ನುವುದನ್ನು ಬಿಟ್ಟರೆ ಆ ಆಟದ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಬೇರೇನೂ ಹೇಳುತ್ತಿರಲಿಲ್ಲ. ಅದೇ ಅವಳ ಸುಖದ ಕಾಲ ಎಂದು ಈಗ ಗೊತ್ತಾಗುತ್ತಿದೆ.

ಆಟಕ್ಕೆ ಹೋಗತೊಡಗುವ ಮೊದಲು ಹುಡುಗಿ ಸ್ವಲ್ಪ ಹುಚ್ಚುಕೋಡಿಯಾಗಿಯೇ ಇದ್ದಳು, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಪೂರ್ತಿ ಮಾತು ಕೇಳುವ ಮೊದಲೇ ಓಡುತ್ತಿದ್ದಳು. ಅಂಗಡಿಯಿಂದ ಜೀರಿಗೆ ತಾ ಎಂದರೆ ಸಾಸಿವೆ ತರುತ್ತಿದ್ದಳು. ಲೆಕ್ಕ ಕೊಟ್ಟರೆ ಮೊದಲು ಕಣ್ಣಿಗೆ ಬಿದ್ದ ಎರಡು ಅಂಕಿಗಳನ್ನು ಗುಣಿಸಿ ಕೈ ತೊಳೆದುಕೊಳ್ಳುತ್ತಿದ್ದಳು. ಈಗ ಹಾಗಿಲ್ಲ. ಹೋದ ಸುಗ್ಗಿಯಲ್ಲಿ ನಮ್ಮ ಅಂಗಳದ ತುಂಬ ಮೆಣಸಿನಕಾಯಿ ಒಣ ಹಾಕಿದ್ದೆವು. ಓಣಿಯಲ್ಲಿ ಕುರಿಹಿಂಡು ಹೋಗುತ್ತಿತ್ತು. ಒಂದು ಟಗರು ಹಿಂಡು ಬಿಟ್ಟು ನಮ್ಮ ಅಂಗಳಕ್ಕೆ ನುಗ್ಗಿತು. ನಾನು ಕೋಲು ಹಿಡಿದೆ, ಶೈಲಾ ಪೊರಕೆ ಹಿಡಿದಳು, ನನ್ನ ಮಗ ವೀರೇಶ ಬರಿಗೈಯಲ್ಲಿ ಬಂದ. ಮೂವರೂ ಟಗರಿನ ಹಿಂದೆ ಸುತ್ತು ಹಾಕಿದೆವು. ಟಗರಿಗಿಂತ ಹೆಚ್ಚು ಮೆಣಸಿನಕಾಯಿ ತುಳಿದವರು ನಾವು. ಭೂಮಿ ಮಾತ್ರ ಕಟ್ಟೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದಳು. ಇವಳೇನು ತಮಾಷೆ ನೋಡುತ್ತಿದ್ದಾಳೆ ಎಂದು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎದ್ದಳು. ಟಗರಿನ ಕಡೆ ಹೋಗಲೇ ಇಲ್ಲ. ನೆಟ್ಟಗೆ ಹಿತ್ತಲ ಬಾಗಿಲಿನ ಹತ್ತಿರ ಹೋಗಿ ನಿಂತಳು. ಟಗರು ಅಲ್ಲಿಗೇ ಬಂತು. ಕೊಂಬು ಹಿಡಿದು ಹೊರಗೆ ಬಿಟ್ಟು ಬಂದಳು.

"ಅದು ಅಲ್ಲಿಗೇ ಬರ್ತತಿ ಅಂತ ನಿನಗ ಹೆಂಗ ಗೊತ್ತಾತಲೇ?" ಎಂದು ಕೇಳಿದೆ.

"ಹಿಂದ ಓಡಿದ್ರ ಸಿಗಂಗಿಲ್ಲಜ್ಜಿ. ಅದು ಎಲ್ಲಿಗೆ ಹೊಕ್ಕತಿ ಅಲ್ಲಿ ನಾವು ಮೊದ್ಲ ಇರ್ಬೇಕು. ಖೋ-ಖೋದಾಗ ಹಂಗ ಮಾಡ್ತೀವಿ," ಎಂದಳು.

ನಾನು ಸುಮ್ಮನೆ ಯಾರನ್ನೂ ಹೊಗಳುವವಳಲ್ಲ. ಆದರೆ ಆ ದಿನ ಟಗರೂ ಸೇರಿ ನಮ್ಮೆಲ್ಲರಿಗಿಂತ ಅವಳಿಗೇ ತಲೆ ಇತ್ತು ಎಂಬುದನ್ನು ಒಪ್ಪಿಕೊಂಡೆ. ಆಮೇಲೆ ಗಮನಿಸುತ್ತ ಬಂದೆ. ಲೆಕ್ಕದ ಪುಸ್ತಕ ತೆಗೆದರೆ ಕೂಡಲೇ ಬರೆಯುವುದಿಲ್ಲ. ಪೆನ್ನು ಎತ್ತಿ, ತಡೆದು, ಇನ್ನೊಮ್ಮೆ ಓದುತ್ತಾಳೆ. ತಪ್ಪಾದರೆ ಹಾಳೆ ಹರಿಯುವುದಿಲ್ಲ. ಮತ್ತೆ ಮೊದಲಿನಿಂದ ಮಾಡುತ್ತಾಳೆ. ಆಟದಲ್ಲಿ ಔಟಾದವಳು ಮರುದಿನ ಮತ್ತೆ ಆಡುತ್ತಾಳಲ್ಲ, ಹಾಗೆ.

ಇಷ್ಟರಲ್ಲಿ ಶಾಲೆಯಲ್ಲಿ ಪಾಲಕರ ಸಭೆ ಬಂತು. ಶೈಲಾ ಹೊರಟಳು, ಬರುವಾಗ ಸಂತೆ ಮಾಡಿಕೊಂಡು ಬರಬಹುದೆಂದು ನಾನೂ ಹೋದೆ. ಅಲ್ಲಿ ಆಟದ ಮೇಷ್ಟ್ರು ಎದ್ದು ನಿಂತರು. ತೆಳ್ಳಗಿನ ಮನುಷ್ಯ, ಕೊರಳಲ್ಲಿ ಸೀಟಿ. ಮಾತಾಡಲು ಬಹಳ ನಾಚಿಕೆ.

"ಸಾಲಿ ಬಿಟ್ಟಮ್ಯಾಲ ಆಡೋ ಹುಡುಗ್ರು ಕ್ಲಾಸಿನ್ಯಾಗ ಬೇಸು ಲಕ್ಷ್ಯ ಕೊಡ್ತಾರ್ರಿ. ಆಟದ ಮೇಷ್ಟ್ರು ಅಂತ ನಾ ಹೇಳಾಕತ್ತಿಲ್ಲ. ಬೇಕಾದ್ರ ಗಣಿತದ ಮೇಡಮ್ಮೋರ್ನ ಕೇಳ್ರಿ," ಎಂದರು.

ಗಣಿತದ ಮೇಡಮ್ಮು ಕನ್ನಡಕ ಸರಿ ಮಾಡಿಕೊಂಡು, "ಹೌದ್ರಿ, ಅದು ಖರೇನ. ಎಲ್ಲಾರೂ ಫಸ್ಟ್ ಬರ್ತಾರ ಅಂತಲ್ಲ. ಆದ್ರ ಲೆಕ್ಕ ತಪ್ಪಿದ್ರ ಆಡೋ ಹುಡುಗ್ರು ಅಳಂಗಿಲ್ಲ, ಮತ್ತ ಮಾಡ್ತಾರ. ಅವಸರ ಕಡಿಮಿ. ಮಕ್ಕಳನ್ನ ಆಡಾಕ ಬಿಡ್ರಿ," ಎಂದರು.

ನಾನು ಮೆಣಸಿನಕಾಯಿ ನೆನೆಸಿಕೊಂಡು ತಲೆಯಾಡಿಸಿದೆ. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಶೈಲಾ ತಲೆಯಾಡಿಸುತ್ತಿಲ್ಲ. ಕಣ್ಣು ಅಗಲ ಮಾಡಿಕೊಂಡು ಕೂತಿದ್ದಾಳೆ. ಬಸ್ಸಿನಿಂದ ಇಳಿದು ಮನೆಗೆ ಬಂದು ಅಗಸಿ ಕೊಳ್ಳಲು ಹೊರಟಾಗಲೂ ಅವಳ ಕಣ್ಣು ಹೀಗೆಯೇ ಇದ್ದವು. ಆಗಲೇ ನನ್ನ ಎದೆ ಧಸಕ್ಕೆಂದಿತು.

ಮರುದಿನದಿಂದ ಸುರುವಾಯಿತು. ಬೆಳಗ್ಗೆ ನೆನೆಸಿದ ಶೇಂಗಾ, ಸಂಜೆ ರಾಗಿ ಗಂಜಿ. ಅದು ಇರಲಿ, ತಿನ್ನುವುದಕ್ಕೆ ನನ್ನ ತಕರಾರಿಲ್ಲ. ಆಡಿ ಬಂದ ಹುಡುಗಿಯನ್ನು ಕಾಲು ತೊಳೆಯಲೂ ಬಿಡದೆ ಪುಸ್ತಕದ ಮುಂದೆ ಕೂರಿಸತೊಡಗಿದಳು. ಯಾಕೆಂದು ಕೇಳಿದರೆ, "ತಲಿ ಈಗ ಕಾದೈತ್ರಿ ಅತ್ತಿ. ಹಂಚು ಆರೋದ್ರಾಗ ರೊಟ್ಟಿ ಹಾಕ್ಬೇಕಲ್ರಿ," ಎಂದಳು. ಹುಡುಗಿಯ ತಲೆ ಕಾದಿತ್ತು ನಿಜ, ಆದರೆ ಸಿಟ್ಟಿನಿಂದ.

ಅದೂ ಸಾಲದೆಂದು ಒಂದು ದಿನ ಆಟ ನೋಡಲು ಬಯಲಿಗೇ ಹೋದಳು. ಅಲ್ಲಿ ಅವಳಿಗೆ ಕಾಣಬಾರದ್ದು ಕಂಡಿತು.

ಖೋ-ಖೋ ನೋಡದವರಿಗೆ ಒಂದಿಷ್ಟು ಹೇಳಬೇಕು. ಎರಡು ಕಂಬ, ನಡುವೆ ಒಂದು ಗೆರೆ. ಆ ಗೆರೆಯ ಮೇಲೆ ಎಂಟು ಮಕ್ಕಳು ಸಾಲಾಗಿ ಕೂಡುತ್ತಾರೆ, ಒಬ್ಬರ ಮುಖ ಅತ್ತ, ಮುಂದಿನವರ ಮುಖ ಇತ್ತ. ಎದ್ದು ಓಡುವವಳು ಒಬ್ಬಳೇ. ಅವಳು ಎದುರು ತಂಡದವರನ್ನು ಮುಟ್ಟಲು ಅಟ್ಟಿಸಿಕೊಂಡು ಹೋಗಬೇಕು. ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ, ಕೂತವರ ನಡುವೆ ನುಸುಳುವಂತಿಲ್ಲ. ತನಗೆ ಸಿಗುವುದಿಲ್ಲ ಎನಿಸಿದರೆ ಕೂತವಳೊಬ್ಬಳ ಬೆನ್ನು ಮುಟ್ಟಿ ಖೋ ಎನ್ನಬೇಕು. ಆಗ ಇವಳು ಆ ಜಾಗದಲ್ಲಿ ಕೂಡುತ್ತಾಳೆ, ಅವಳು ಎದ್ದು ಓಡುತ್ತಾಳೆ.

ಇದರಲ್ಲಿ ನನ್ನ ಸೊಸೆ ನೋಡಿದ್ದೇನು? ಒಬ್ಬಳು ಓಡುತ್ತಿದ್ದಾಳೆ, ಎಂಟು ಜನ ಸುಮ್ಮನೆ ಕೂತಿದ್ದಾರೆ.

ಅವಳೊಬ್ಬಳ ತಪ್ಪೂ ಅಲ್ಲ ಅದು. ನಮ್ಮ ಕಡೆ ಹೆಣ್ಣುಮಕ್ಕಳು ಬರಿದೇ ಕೂತದ್ದನ್ನು ಯಾರೂ ಸಹಿಸುವುದಿಲ್ಲ. ಕಟ್ಟೆಯ ಮೇಲೆ ಕೂತರೆ ಸಾಕು, ಎಲ್ಲಿಂದಲೋ ಒಂದು ಮೊರ ಬಂದು ಮುಂದೆ ಕೂಡುತ್ತದೆ. ಶೇಂಗಾ ಒಡೆ, ಹುಣಸೆ ಬೀಜ ಬಿಡಿಸು, ಅಕ್ಕಿಯ ಕಲ್ಲು ಆರಿಸು. ಮಾತಾಡಬಹುದು, ನಗಬಹುದು, ಅತ್ತರೂ ನಡೆದೀತು, ಕೈ ಖಾಲಿ ಇರಕೂಡದು. ಗಂಡಿನವರು ನನ್ನನ್ನು ನೋಡಲು ಬಂದ ದಿನವೂ ನನ್ನ ಮುಂದೆ ಒಂದು ಬುಟ್ಟಿ ಅವರೆಕಾಯಿ ಇತ್ತು. ನೋಡಲು ಬಂದ ನನ್ನ ಅತ್ತೆಯೂ ಮಾತಾಡುತ್ತ ಒಂದಿಷ್ಟು ಸುಲಿದುಕೊಟ್ಟು ಹೋದಳು. ಹುಡುಗಿ ಒಪ್ಪಿಗೆಯೋ ಇಲ್ಲವೋ ಎಂದು ಹೇಳುವ ಮೊದಲು, ಈ ಕಾಯಿಗೆ ಹುಳು ಬಿದ್ದೈತಿ ಎಂದಳು. ಇಂಥ ಮನೆಗಳಲ್ಲಿ ಬೆಳೆದವಳಿಗೆ ಎಂಟು ಮಕ್ಕಳು ಸಾಲಾಗಿ ಕೈಕಟ್ಟಿ ಕೂತದ್ದು ಕಂಡರೆ ಹೇಗಾಗಬೇಡ? ಶೈಲಾ ಮರುದಿನ ಭೂಮಿಯ ಗಣಿತದ ಪುಸ್ತಕ ಹಿಡಿದುಕೊಂಡೇ ಬಯಲಿಗೆ ಹೋದಳು. ಮಗಳು ಸಾಲಿನಲ್ಲಿ ಕೂತಾಗ ಗೆರೆಯ ಆಚೆ ನಿಂತು ಕೇಳತೊಡಗಿದಳು.

"ಭೂಮಿ, ಆರೇಳಲ ಎಷ್ಟು?"

"ಅವ್ವ, ಸುಮ್ಕಿರಬೇ."

"ಹೆಂಗೂ ಖಾಲಿ ಕುಂತೀಯಲ್ಲ, ಹೇಳು."

ನಮ್ಮ ಊರಿನಲ್ಲಿ ಯಾವುದೂ ಒಬ್ಬರ ಮನೆಯಲ್ಲಿ ನಿಲ್ಲುವುದಿಲ್ಲ. ಎದುರು ಮನೆಯ ನೀಲಮ್ಮ ವಿಜ್ಞಾನದ ಪುಸ್ತಕ ತಂದಳು. ಇನ್ನೊಬ್ಬಳು ಸಮಾಜದ್ದು ತಂದಳು. ವಾರ ಕಳೆಯುವಷ್ಟರಲ್ಲಿ ಬಯಲಿನ ಗೆರೆಯುದ್ದಕ್ಕೂ ತಾಯಂದಿರ ಸಾಲು. ಒಬ್ಬಳು ರಾಜಧಾನಿ ಕೇಳುತ್ತಾಳೆ, ಒಬ್ಬಳು ಜೀರ್ಣಾಂಗ ಕೇಳುತ್ತಾಳೆ. ನೀಲಮ್ಮ ತಾನು ಖಾಲಿ ನಿಲ್ಲಬಾರದೆಂದು ಸೆರಗಿನಲ್ಲಿ ಶೇಂಗಾ ಕಟ್ಟಿಕೊಂಡು ಬಂದು ಒಡೆಯುತ್ತ ಕೇಳುತ್ತಿದ್ದಳು. ಆಟದ ಮೇಷ್ಟ್ರು ಪಾಪ, ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತು ನೋಡುತ್ತಿದ್ದರಂತೆ. ಮಕ್ಕಳನ್ನು ಆಡಲು ಬಿಡಿ ಎಂದವರು ಅವರೇ. ಈಗ ತಾಯಂದಿರಿಗೆ ಬರಬೇಡಿ ಎಂದು ಯಾವ ಬಾಯಿಂದ ಹೇಳಿಯಾರು?

ಒಂದು ಸಂಜೆ ಭೂಮಿ ಬಂದವಳು ನೇರ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ನಾನು ಹೋದೆ.

"ಅಳಾಕತ್ತಿಯೇನು?"

"ಇಲ್ಲ. ಧೂಳು ಬಿದ್ದೈತಿ."

"ಎರಡೂ ಕಣ್ಣಿಗೂ ಬಿದ್ದೈತೇನು?"

ಆಗ ಹೇಳಿದಳು. ಅಂದು ಅವಳ ಬೆನ್ನು ಮುಟ್ಟಿ ಗೆಳತಿ ಖೋ ಎಂದಾಗ ಇವಳು ಎದ್ದು ಓಡುವ ಬದಲು "ಐವತ್ನಾಲ್ಕು" ಎಂದಳಂತೆ. ಎಲ್ಲರೂ ನಕ್ಕರಂತೆ. ತಾಲೂಕು ಪಂದ್ಯಕ್ಕೆ ತಂಡ ಆರಿಸುವ ದಿನ ಹತ್ತಿರ ಬಂದಿತ್ತು. ನೀ ಈಗೀಗ ತಡಾ ಮಾಡಿ ಏಳಾಕತ್ತಿ, ಹಿಂಗಾದ್ರ ಕಷ್ಟ ಐತಿ ಎಂದು ಮೇಷ್ಟ್ರು ಹೇಳಿದರಂತೆ.

"ನಾ ಆಟ ಬಿಡ್ತೀನಜ್ಜಿ. ನಾಳಿಗೆ ಹೇಳಿ ಬರ್ತೀನಿ."

"ನಿಮ್ಮವ್ವಗ ಬರಬ್ಯಾಡ ಅಂತ ಹೇಳು."

"ಹೆಂಗ ಹೇಳ್ಲಿ? ಅಕಿ ಎಷ್ಟ ಖುಷಿಲಿಂದ ಬರ್ತಾಳ," ಎಂದಳು.

ಹುಡುಗಿ ಸಣ್ಣವಳು, ಮಾತು ದೊಡ್ಡದು. ಸಾಲಿನಲ್ಲಿ ಕೂತು ಮುಂದೆ ಬರುವವರ ಮುಖ ನೋಡಿ ನೋಡಿ ಅವಳಿಗೆ ತಾಯಿಯ ಮುಖವೂ ಓದಲು ಬಂದಿತ್ತು. ಇಂಥವಳು ಆಟ ಬಿಟ್ಟರೆ ಮತ್ತೆ ಜೀರಿಗೆಗೆ ಸಾಸಿವೆ ತರುವ ಕಾಲ ಬಂತೆಂದೇ ಲೆಕ್ಕ. ನಾನು ಶೈಲಾಳಿಗೆ ನೆಟ್ಟಗೆ ಹೇಳಿದೆ, ಬಯಲಿಗೆ ಹೋಗಬೇಡ ಎಂದು. "ಮೇಷ್ಟ್ರ ಹೇಳ್ಯಾರಲ್ರಿ ಅತ್ತಿ, ಆಟದಿಂದ ತಲಿ ಓಡ್ತತಿ ಅಂತ," ಎಂದಳು. "ಅದು ತಾನಾ ಓಡ್ತತಿ, ನೀ ಹಗ್ಗ ಕಟ್ಟಿ ಎಳಿಬ್ಯಾಡ," ಎಂದೆ. ಅವಳು ನಕ್ಕು ಹಿಟ್ಟು ನಾದತೊಡಗಿದಳು. ಕೊಟ್ಟೂರಿನ ಗೊಬ್ಬರದಂಗಡಿಯಿಂದ ಬಂದ ವೀರೇಶನಿಗೆ ಹೇಳಿದೆ. ಅವನು ಚಪ್ಪಲಿ ಬಿಡುತ್ತಿದ್ದವನು ಮತ್ತೆ ಮೆಟ್ಟಿಕೊಂಡ. "ಅತ್ತಿ ಸೊಸಿ ನಡುವ ನಾ ಬರಂಗಿಲ್ಲವ್ವ," ಎಂದು ಕಟ್ಟೆಗೆ ಹೋದ. ಅವನು ಸಣ್ಣವನಿದ್ದಾಗ ಯಾವ ಆಟವನ್ನೂ ಆಡಲಿಲ್ಲ. ಅದು ಅವನ ಸಂಸಾರದಲ್ಲಿ ಕಾಣುತ್ತದೆ.

ಮರುದಿನ ಸಂಜೆ ನಾನೇ ಬಯಲಿಗೆ ಹೋದೆ. ಏನು ಮಾಡಬೇಕೆಂದು ಯೋಚಿಸಿಕೊಂಡು ಹೋದೆ ಎಂದರೆ ಸುಳ್ಳಾದೀತು. ಜಗಳ ಮಾಡೋಣ ಎಂದು ಹೋಗಿದ್ದೆ. ಅಲ್ಲಿ ನೋಡಿದರೆ ಮಕ್ಕಳು ಕಡಿಮೆ. ಯಾರದೋ ಮನೆಯ ಕಾರ್ಯಕ್ಕೆಂದು ಐದಾರು ಹುಡುಗಿಯರು ಉಜ್ಜಿನಿಗೆ ಹೋಗಿದ್ದರು. ಸಾಲು ತುಂಬುವಂತಿರಲಿಲ್ಲ. ತಾಯಂದಿರ ಸಾಲು ಮಾತ್ರ ತುಂಬಿತ್ತು.

"ಇವತ್ತು ಆಟ ಆಗಂಗಿಲ್ರಿ ಅಜ್ಜಿ, ಮಂದಿ ಸಾಲಂಗಿಲ್ಲ," ಎಂದರು ಮೇಷ್ಟ್ರು.

"ಮಂದಿ ಅದಾರಲ್ರಿ," ಎಂದು ಗೆರೆಯ ಕಡೆ ಕೈ ತೋರಿಸಿದೆ. "ಖಾಲಿ ನಿಂತಾರ. ಕುಂದರಿಸ್ರಿ ಅವರನ್ನ."

ಮೇಷ್ಟ್ರ ಮುಖದಲ್ಲಿ ಆ ವಾರದ ಮೊದಲ ನಗೆ ಕಂಡಿತು. ತಾಯಂದಿರು ಸೆರಗು ಬಾಯಿಗೆ ಹಿಡಿದರು. ನೀಲಮ್ಮ ಶೇಂಗಾದ ನೆಪ ಹೇಳಿದಳು. "ಶೇಂಗಾ ನನಗ ಕೊಡು, ನಾ ಒಡಿತೀನಿ," ಎಂದು ಇಸಿದುಕೊಂಡೆ. ಮಕ್ಕಳಿಗೆ ಒಳ್ಳೆಯದೆಂದು ದಿನಾ ಹೇಳುತ್ತಿದ್ದವರು ತಮಗೆ ಕೆಟ್ಟದ್ದೆಂದು ಹೇಳುವಂತಿಲ್ಲವಲ್ಲ. ಸೀರೆ ಮೇಲೆ ಕಟ್ಟಿ ಕೂತರು, ಮೊದಲು ಅಟ್ಟಿಸುವ ಸರದಿ ನೀಲಮ್ಮನದು. ಶೈಲಾ ನಡುವಿನಲ್ಲಿ, ಮುಖ ಬಯಲಂಚಿನ ಹುಣಸೆಮರದ ಕಡೆಗೆ. ಮಕ್ಕಳು ಓಡುವ ತಂಡ, ಆಟ ಬಿಡುತ್ತೇನೆಂದು ಹೇಳಲು ಬಂದು ಇನ್ನೂ ಹೇಳಿರದ ಭೂಮಿಯೂ ಅದರಲ್ಲಿ ಒಬ್ಬಳು. ಶೈಲಾ ಹಿಡಿದಿದ್ದ ಗಣಿತದ ಪುಸ್ತಕ ನನ್ನ ಕೈಗೆ ಬಂದಿತ್ತು. ಮೇಷ್ಟ್ರು ಸೀಟಿ ಊದಿದರು.

ನಾನು ಗೆರೆಯ ಹತ್ತಿರ ನಿಂತೆ. "ಶೈಲಾ, ಏಳೆಂಟಲ ಎಷ್ಟು?"

"ಅತ್ತಿ, ತಡೀರಿ. ನೀಲಕ್ಕ ಯಾ ಕಡಿಯಿಂದ ಬರಾಕತ್ಯಾಳೋ ನೋಡ್ಬೇಕು."

"ಖಾಲಿ ಕುಂತೀಯಲ್ಲ, ಹೇಳು."

"ಖಾಲಿ ಎಲ್ಲಿ ಕುಂತೀನ್ರಿ?" ಎಂದಳು ಶೈಲಾ. ಹೇಳಿ ಮುಗಿಸುವಷ್ಟರಲ್ಲಿ ನೀಲಮ್ಮ ಅವಳ ಬೆನ್ನಿಗೆ ಗುದ್ದಿ ಖೋ ಎಂದಳು. ಶೈಲಾ ಹಾರಿ ಎದ್ದು, ಎಡಕ್ಕೆ ಎರಡು ಹೆಜ್ಜೆ ಇಟ್ಟು, ಹಿಂದಕ್ಕೆ ತಿರುಗಿ ಬಲಕ್ಕೆ ಓಡಿದಳು. ಮಕ್ಕಳೆಲ್ಲ ಒಂದೇ ದನಿಯಲ್ಲಿ ಫೌಲ್ ಎಂದು ಕೂಗಿದರು. "ಅಯ್ಯ, ಮನ್ಯಾಗ ಹಂಗ ತಿರಿಗ್ಯಾಡ್ತೀವಲ್ಲ," ಎಂದಳು. ಮತ್ತೆ ಕೂತಳು, ಮತ್ತೆ ಎದ್ದಳು. ಈ ಸಲ ದಿಕ್ಕು ತಪ್ಪಲಿಲ್ಲ. ಎದುರಿಗೆ ಸಿಕ್ಕವಳು ಭೂಮಿ.

ನಾನು ಪ್ರಶ್ನೆ ಕೇಳುವುದನ್ನು ಬಿಟ್ಟೆ. ತಾಯಿ ಕೈ ಚಾಚಿದಲ್ಲಿ ಮಗಳು ಇರಲಿಲ್ಲ. ಓಡುತ್ತಿದ್ದವಳು ಗಕ್ಕನೆ ನಿಲ್ಲುತ್ತಿದ್ದಳು, ತಾಯಿ ಮುಂದಕ್ಕೆ ಮುಗ್ಗರಿಸಿದಾಗ ಪಕ್ಕದಿಂದ ಜಾರಿ ಸಾಲಿನ ಆಚೆ ನಿಂತಿರುತ್ತಿದ್ದಳು. ಕಂಬದ ಹತ್ತಿರ ಒಮ್ಮೆ ಇಬ್ಬರೂ ಎದುರುಬದುರಾಗಿ ನಿಂತರು. ಭೂಮಿಯ ಕಣ್ಣು ತಾಯಿಯ ಕಾಲಿನ ಮೇಲಿತ್ತು. ನಾನು ಆ ಹುಡುಗಿಯನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಷ್ಟು ಚೆಂದ ಅವಳು ಎಂದೂ ಕಂಡಿರಲಿಲ್ಲ. ಶೈಲಾ ಏದುಸಿರು ಬಿಡುತ್ತ ಪಕ್ಕದಲ್ಲಿ ಕೂತವಳ ಬೆನ್ನು ಮುಟ್ಟಿ ಖೋ ಎಂದಳು. ಅದೇ ಅವಳು ಆ ದಿನ ಮಾಡಿದ ಸರಿಯಾದ ಕೆಲಸ.

ಆಟ ಮುಗಿದ ಮೇಲೆ ಹುಣಸೆಮರದ ಬುಡದಲ್ಲಿ ನನ್ನ ಪಕ್ಕ ಬಂದು ಕುಸಿದಳು.

"ಅತ್ತಿ, ನಾ ಯಾ ಕಡಿ ಹೋಗ್ತೀನಿ ಅಂತ ನನಗಿಂತ ಮೊದ್ಲ ಅಕಿಗೆ ಗೊತ್ತಿತ್ರಿ. ಅಷ್ಟು ವಿಚಾರ ಮಾಡ್ತಾಳ್ರಿ ಒಳಗೊಳಗ? ನಾ ಅದರ ಮ್ಯಾಲ ಮಗ್ಗಿ ಕೇಳಾಕತ್ತಿದ್ನಲ್ರಿ."

ನನಗೆ ಹೇಳಲು ಬಹಳ ಇತ್ತು. ಬಾಯಿ ತುಂಬ ಶೇಂಗಾ ಇತ್ತು, ಹಾಗಾಗಿ ಹೇಳಲಿಲ್ಲ.

ಮೇಷ್ಟ್ರು ಬಂದು ಭೂಮಿಗೆ, "ನಾಳಿಯಿಂದ ನಸುಕಿಗೂ ಬಾ. ತಾಲೂಕಿಗೆ ನಿನ್ನ ಹೆಸರು ಹಾಕೀನಿ," ಎಂದರು. ಭೂಮಿ ಕುಣಿಯಲಿಲ್ಲ, ಕೂಗಲಿಲ್ಲ. ಮೊದಲು ತಾಯಿಯ ಕಡೆ ನೋಡಿದಳು. ಶೈಲಾ ನನ್ನ ತೊಡೆಯ ಮೇಲಿದ್ದ ಪುಸ್ತಕ ತೆಗೆದುಕೊಂಡು ಮಗಳ ಚೀಲಕ್ಕೆ ಹಾಕಿ ಝಿಪ್ಪು ಎಳೆದಳು. ಅಷ್ಟು ಸಾಕಾಗಿತ್ತು ಇಬ್ಬರಿಗೂ.

ಇಲ್ಲಿಗೆ ಮುಗಿಯಬೇಕಿತ್ತು. ಮನೆಯ ದಾರಿಯಲ್ಲಿ ಭೂಮಿ, "ಅವ್ವ, ನಾಳಿ ಸಂಜಿಗೂ ಬಾರಬೇ. ಕೇಳಾಕ ಅಲ್ಲ, ಆಡಾಕ. ನಮಗೂ ಎದುರಾಳಿ ಬೇಕು," ಎಂದಳು. ನೀಲಮ್ಮ ಹಿಂದಿನಿಂದ, "ನಾನೂ ಬರ್ತೀನಿ, ಇವತ್ತು ಸ್ವಲ್ಪದ್ರಾಗ ತಪ್ಪಿತು," ಎಂದಳು. ಶೈಲಾಳ ಕಣ್ಣು ಅಗಲವಾದವು. ನನ್ನ ಎದೆ ಎರಡನೆಯ ಸಲ ಧಸಕ್ಕೆಂದಿತು. ಒಳ್ಳೆಯದೊಂದು ಅವಳಿಗೆ ಮತ್ತೆ ಸಿಕ್ಕಿತ್ತು, ಸಿಗುವಂತೆ ಮಾಡಿದವಳು ನಾನೇ. ಅವಳನ್ನು ಬಯಲಿನಿಂದ ಓಡಿಸಲು ಹೋದವಳು ಅಲ್ಲಿಯೇ ನೆಟ್ಟು ಬಂದಿದ್ದೆ.

"ಸಂಜಿ ರೊಟ್ಟಿ ಯಾರು ಬಡಿಯೋರು?" ಎಂದು ಕೇಳಿದೆ.

ತಾಯಿ ಮಗಳು ಇಬ್ಬರೂ ಕಂಬ ಸುತ್ತುವಾಗ ಯಾವ ಕಾಲು ಮುಂದೆ ಇಡಬೇಕು ಎಂದು ವಾದಿಸುತ್ತ ಮುಂದೆ ಮುಂದೆ ನಡೆದರು. ಪರೀಕ್ಷೆಯಲ್ಲಿ ಹುಡುಗಿಗೆ ಎಷ್ಟು ಬರುತ್ತದೋ ನನಗೆ ಗೊತ್ತಿಲ್ಲ, ಬಂದಾಗ ನೋಡೋಣ. ಆಟ ಆಡಿದವರೆಲ್ಲ ಕಲೆಕ್ಟರಾಗುವುದಾಗಿದ್ದರೆ ನಮ್ಮ ಓಣಿಯ ಮಂಗಗಳು ಈಗಾಗಲೇ ಆಗಿರಬೇಕಿತ್ತು. ಆದರೆ ನಿಂತು, ನೋಡಿ, ಯೋಚಿಸಿ, ಆಮೇಲೆ ಓಡುವವಳೊಬ್ಬಳು ನಮ್ಮ ಮನೆಯಲ್ಲಿ ತಯಾರಾಗುತ್ತಿದ್ದಾಳೆ. ನನ್ನ ಕಾಲದಿಂದ ಇಲ್ಲಿಯವರೆಗೆ ಈ ಮನೆಯಲ್ಲಿ ಅಂಥವರು ಇರಲಿಲ್ಲ.

ಮರುದಿನ ನಸುಕಿನಲ್ಲಿ ಭೂಮಿ ಬಯಲಿಗೆ ಹೋದಳು. ಶೈಲಾ ತೊಡೆ ಹಿಡಿದುಕೊಂಡು ಮಂಚದಿಂದ ಏಳಲು ಹೋಗಿ ಮತ್ತೆ ಕೂತಳು. "ಸಂಜಿ ತನಕ ಸರಿಯಾಗ್ತತಿ, ಮಲಕೋ," ಎಂದೆ. ಒಲೆ ಹಚ್ಚಿ, ನೀರು ಕುದಿಯಲು ಇಟ್ಟು, ಜೋಳದ ಹಿಟ್ಟಿನ ಡಬ್ಬಿ ಎಳೆದುಕೊಂಡು ಕೂತೆ. ಬೆಳಗಿನದರ ಜೊತೆಗೆ ಸಂಜೆಯ ರೊಟ್ಟಿಯನ್ನೂ ಬಡಿದೆ, ಒಣಗಿ ಗರಿಗರಿಯಾಗಲೆಂದು ಬುಟ್ಟಿಯ ಸುತ್ತ ನಿಲ್ಲಿಸಿದೆ. ಮೊದಲನೆಯದು ಅಂಚಿನಲ್ಲಿ ಬಿರಿಯಿತು. ಅದನ್ನು ಯಾರೂ ಎದ್ದು ಬರುವ ಮೊದಲು ನಾನೇ ತಿಂದೆ.